ಪಂಪ್ ಹೋಗಿದೆ ಅಂತ ಬಂದ ಪಿಕಪ್: ಎರಡು ದೂರು, ಒಂದು ಕ್ಯಾನ್ ಡೀಸೆಲ್

ಗಾಡಿ ಹಳೇದು. ನಾಲ್ಕು ಸಿಲಿಂಡರಿನ ಡೀಸೆಲ್ ಪಿಕಪ್, ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ. ಇಂಜಿನ್ನಿಗೆ ಒತ್ತಡದಲ್ಲಿ ಡೀಸೆಲ್ ಕೊಡುವುದು ಬಾಷ್ ವಿಇ ಮಾದರಿಯ ರೋಟರಿ ಪಂಪ್. ಓನರ್ ಸಕಲೇಶಪುರದ ಕಡೆಯವರು, ಡ್ರೈವರ್ ಕೂಡ ಅವರೇ. ಹಾಸನದಲ್ಲಿ ತರಕಾರಿ, ಶುಂಠಿ ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಾರೆ. ವಾಪಸ್ ಬರುವಾಗ ಐಸ್ ಹಾಕಿದ ಮೀನಿನ ಕ್ರೇಟ್. ಇಳಿಯುವಾಗಲೂ ಲೋಡ್, ಹತ್ತುವಾಗಲೂ ಲೋಡ್. ಹೀಗೆ ದುಡಿಯುವ ಗಾಡಿಯಲ್ಲಿ ಸಣ್ಣ ತೊಂದರೆಯೂ ಬೇಗ ಗೊತ್ತಾಗುತ್ತದೆ.

ದೂರು ಎರಡು. ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಯುವ ತನಕ ಸ್ಟಾರ್ಟ್ ಆಗುವುದಿಲ್ಲ. ಘಾಟಿಯಲ್ಲಿ ಎಳೆಯುವುದಿಲ್ಲ. ಅದಾಗಲೇ ಎರಡು ಗ್ಯಾರೇಜ್ ನೋಡಿದ್ದವು. ಮೊದಲನೆಯವರು ಡೀಸೆಲ್ ಫಿಲ್ಟರ್ ಬದಲಿಸಿ, ಪಂಪಿನ ಪೈಪುಗಳ ಕಾಪರ್ ವಾಷರ್ ಹೊಸದು ಹಾಕಿ, ಏರ್ ತೆಗೆದು ಕಳಿಸಿದ್ದರು. ಎರಡನೆಯವರು ಬಾನೆಟ್ ಎತ್ತಿ ಸ್ವಲ್ಪ ಹೊತ್ತು ನೋಡಿ, ಪಂಪ್ ಹೋಗಿದೆ ಅಂದಿದ್ದರು. ಹಾಗಾಗಿ ಗಾಡಿ ನೇರವಾಗಿ ನನ್ನ ಪಂಪ್ ಸರ್ವಿಸ್ ಅಂಗಡಿಗೆ ಬಂತು.

"ಪಂಪ್ ಬಿಚ್ಕೊಳ್ಳಿ ಸಾರ್. ಎಷ್ಟಾಗುತ್ತೆ ಅಂತ ಮಾತ್ರ ಮೊದ್ಲೇ ಹೇಳ್ಬಿಡಿ."

ಪಂಪ್ ಬಿಚ್ಚುವುದೇ ನನ್ನ ಹೊಟ್ಟೆಪಾಡು. ಆದರೂ ಸುಮ್ನೆ ಬಿಚ್ಚಿದ ಪಂಪಿನಷ್ಟು ತಲೆನೋವು ಬೇರೆ ಇಲ್ಲ. ಬೆಂಚಿಗೆ ಹಾಕಿ, ಸೀಲ್ ಕಿಟ್ ಬದಲಿಸಿ, ಕ್ಯಾಲಿಬ್ರೇಷನ್ ಮಾಡಿ ಕೂರಿಸುತ್ತೇವೆ. ಮಾರನೇ ವಾರ ಅದೇ ದೂರಿನ ಜೊತೆ ಗಾಡಿ ವಾಪಸ್ ಬಂದು ನಿಲ್ಲುತ್ತದೆ. ಆಗ ಗಿರಾಕಿಯ ಮುಖ ನೋಡುವುದು ಕಷ್ಟ. ಪಂಪಿನ ಮೇಲೆ ಅನುಮಾನ ಬರುವುದು ಸಹಜವೇ. ಇಂಜಿನ್ನಿಗೆ ತಗಲಿಕೊಂಡ ಸಾಮಾನುಗಳಲ್ಲಿ ದುಬಾರಿ ಅದೇ, ಒಳಗೇನಾಗುತ್ತಿದೆ ಅಂತ ಹೊರಗಿನಿಂದ ಕಾಣುವುದೂ ಇಲ್ಲ. ಕಾರಣ ಸಿಗದಾಗ ಕಾಣದ ಜಾಗಕ್ಕೆ ಬೆರಳು ತೋರಿಸುವುದು ಸುಲಭ.

ಕೇಳಿದ ಪ್ರಶ್ನೆಗಳು

ಸ್ಪ್ಯಾನರ್ ಹಿಡಿಯುವ ಮೊದಲು ಓನರ್ ಜೊತೆ ಟೀ ಕುಡಿಯುತ್ತಾ ಕೂತೆ.

"ಇಂಜಿನ್ ಬಿಸಿ ಇದ್ದಾಗ ಹೇಗಣ್ಣ?"

"ಬಿಸಿ ಇದ್ರೆ ಏನೂ ತೊಂದ್ರೆ ಇಲ್ಲ ಸಾರ್. ಮುಟ್ಟಿದ್ರೆ ಸ್ಟಾರ್ಟು."

ಈ ಒಂದು ಮಾತಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ವಿಇ ಪಂಪಿನಲ್ಲಿ ನಾಲ್ಕೂ ಸಿಲಿಂಡರಿಗೆ ಒಂದೇ ಪ್ಲಂಜರ್. ಅದು ತಿರುಗುತ್ತಲೇ ಹಿಂದೆ ಮುಂದೆ ಹೋಗುತ್ತದೆ, ಕಾಲು ಸುತ್ತಿಗೆ ಒಂದು ಸಿಲಿಂಡರಿನಂತೆ ಡೀಸೆಲ್ ತಳ್ಳುತ್ತದೆ. ಪ್ಲಂಜರಿಗೂ ಅದು ಕೂತಿರುವ ಹೆಡ್ಡಿಗೂ ನಡುವಿನ ಸಂದು ಕೆಲವೇ ಮೈಕ್ರಾನ್. ಅದು ಸವೆದರೆ ತಳ್ಳಿದ ಡೀಸೆಲ್ ಪಕ್ಕದಿಂದ ಸೋರಿಹೋಗುತ್ತದೆ. ತಣ್ಣಗಿರುವ ಡೀಸೆಲ್ ಮಂದ, ಅಷ್ಟಾಗಿ ಸೋರುವುದಿಲ್ಲ. ಬಿಸಿಯಾದರೆ ತೆಳ್ಳಗಾಗಿ ಜಾಸ್ತಿ ಸೋರುತ್ತದೆ. ಅದಕ್ಕೇ ಹೆಡ್ ಸವೆದ ಪಂಪ್ ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗಿ, ಮಧ್ಯಾಹ್ನ ಬಿಸಿಯಲ್ಲಿ ಆಫ್ ಮಾಡಿದರೆ ಕೈಕೊಡುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣ್ಣೀರು ಸುರಿದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಹಳೇ ಡ್ರೈವರುಗಳಿಗೆ ಈ ಉಪಾಯ ಗೊತ್ತು. ನಮ್ಮ ಗಾಡಿಯದು ಇದಕ್ಕೆ ಪೂರಾ ಉಲ್ಟಾ. ನಿಂತು ತಣ್ಣಗಾದಾಗ ತೊಂದರೆ, ಬಿಸಿಯಲ್ಲಿ ಇಲ್ಲ.

ಇನ್ನೂ ಕೇಳಿದೆ. ರಾತ್ರಿ ಗಾಡಿ ಎಲ್ಲಿ ನಿಲ್ಲಿಸುತ್ತೀರಿ? ಮನೆ ಅಂಗಳ ಏರು, ಮೂತಿ ಮೇಲೆ ಮಾಡಿ ನಿಲ್ಲಿಸುತ್ತಾರೆ. ಮಂಗಳೂರಿನಲ್ಲಿ ಸಮತಟ್ಟು ಜಾಗದಲ್ಲಿ ಮಲಗಿದ ದಿನ ಅಷ್ಟು ಕಾಟ ಇಲ್ಲ. ಟ್ಯಾಂಕ್ ಎಷ್ಟಿರುತ್ತದೆ? ಅವರು ಒಂದು ಕ್ಷಣ ಯೋಚಿಸಿದರು. ಫುಲ್ ಮಾಡಿಸಿದ ಮಾರನೇ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದಂತೆ. ಇದನ್ನು ಇಷ್ಟು ದಿನ ಯಾರೂ ಅವರನ್ನು ಕೇಳಿರಲಿಲ್ಲ, ಅವರೂ ಎರಡನ್ನೂ ಜೋಡಿಸಿ ನೋಡಿರಲಿಲ್ಲ.

ಕೊನೆಯದು, ಎರಡು ದೂರುಗಳಲ್ಲಿ ಯಾವುದು ಮೊದಲು ಬಂತು? ಸ್ಟಾರ್ಟಿಂಗ್ ತೊಂದರೆ ಮಳೆಗಾಲಕ್ಕೂ ಮೊದಲಿನದು. ಎಳೆತ ಕಮ್ಮಿಯಾಗಿದ್ದು ಆಮೇಲೆ, ಹೆಚ್ಚುಕಮ್ಮಿ ಮೊದಲ ಗ್ಯಾರೇಜಿನ ಕೆಲಸ ಆದ ನಂತರ. ಹಾಗಾದರೆ ಎರಡಕ್ಕೂ ಕಾರಣ ಒಂದೇ ಅಂತ ಹಿಡಿದು ಹೊರಡುವುದು ಬೇಡ ಅಂದುಕೊಂಡೆ.

ಒದ್ದೆ ಲೀಕು, ಒಣ ಲೀಕು

ವಿಇ ಪಂಪ್ 1970ರ ದಶಕದ್ದು. ನಮ್ಮ ಕಡೆ ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಇಂಥವೆಲ್ಲ ಇವತ್ತಿಗೂ ಮೈಕೋ ಪಂಪುಗಳೇ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿದ ಮೋಟರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಬೋರ್ಡ್ ಬದಲಾದರೂ ಬಾಯಿಗೆ ಬಂದ ಹೆಸರು ಬದಲಾಗಲಿಲ್ಲ.

ಈ ಪಂಪಿನ ಬಗ್ಗೆ ಒಂದು ವಿಷಯ ತಿಳಿದಿರಬೇಕು. ಈ ಗಾಡಿಯಲ್ಲಿ ಟ್ಯಾಂಕಿನಿಂದ ಡೀಸೆಲ್ ಎತ್ತಿ ಕೊಡಲು ಬೇರೆ ಫೀಡ್ ಪಂಪ್ ಇಲ್ಲ. ರೋಟರಿ ಪಂಪಿನ ಒಳಗೇ ಇರುವ ಸಣ್ಣ ವೇನ್ ಪಂಪ್ ಟ್ಯಾಂಕಿನಿಂದ ಎಳೆದುಕೊಳ್ಳಬೇಕು. ಟ್ಯಾಂಕಿನಿಂದ ಪಂಪಿನ ತನಕ ಇಡೀ ಪೈಪಿನಲ್ಲಿ ಇರುವುದು ಎಳೆತ. ಪಂಪಿನ ಒಳಗೆ ಇರುವುದು ಒತ್ತಡ. ಪಂಪಿನ ಸೀಲ್ ಎಲ್ಲಾದರೂ ಹೋದರೆ ಗಾಡಿ ಓಡುವಾಗ ಡೀಸೆಲ್ ಹೊರಗೆ ಬಂದು ಒದ್ದೆಯಾಗುತ್ತದೆ. ಸಕ್ಷನ್ ಪೈಪ್ ತೂತಾದರೆ ಹೊರಗೆ ಒಂದು ಹನಿಯೂ ಇಳಿಯುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಎಳನೀರಿನ ಸ್ಟ್ರಾ ಮೇಲುಗಡೆ ಸೀಳಿದ್ದರೆ ಹೇಗೋ ಹಾಗೆ. ಬಾಯಿಗೆ ಬರುವುದು ಗಾಳಿ, ಕೆಳಗೆ ಏನೂ ಚೆಲ್ಲಿರುವುದಿಲ್ಲ.

ರಾತ್ರಿ ಗಾಡಿ ನಿಂತಾಗ ಆ ಸಂದಿನಿಂದ ಗಾಳಿ ನುಗ್ಗಿ, ಪೈಪಿನಲ್ಲಿದ್ದ ಡೀಸೆಲ್ ನಿಧಾನವಾಗಿ ಟ್ಯಾಂಕಿಗೆ ಇಳಿಯುತ್ತದೆ. ಬೆಳಿಗ್ಗೆ ಪಂಪ್ ಅಷ್ಟು ಗಾಳಿಯನ್ನೂ ನುಂಗಿ ಮುಗಿಸಬೇಕು. ಮೂತಿ ಮೇಲೆ ಮಾಡಿ ನಿಲ್ಲಿಸಿದರೆ ಇಂಜಿನ್ ಟ್ಯಾಂಕಿಗಿಂತ ಇನ್ನೂ ಎತ್ತರದಲ್ಲಿರುತ್ತದೆ, ಡೀಸೆಲ್ ಇಳಿಯುವುದು ಇನ್ನೂ ಸುಲಭ. ಓನರ್ ಹೇಳಿದ್ದಕ್ಕೆ ಇದು ಸರಿಯಾಗಿ ಹೊಂದುತ್ತಿತ್ತು.

ಪಂಪ್ ಒರೆಸಿ ನೋಡಿದೆ. ಮುಂದಿನ ಶಾಫ್ಟ್ ಸೀಲ್ ಒಣಗಿತ್ತು. ಮೇಲೆ ಆಕ್ಸಿಲರೇಟರ್ ಲಿವರ್ ಶಾಫ್ಟ್ ಬುಡದಲ್ಲಿ ತೆಳ್ಳಗೆ ಬೆವರಿದಂತೆ ಇತ್ತು, ಹನಿ ಇರಲಿಲ್ಲ. ಇದನ್ನು ಗುರುತು ಮಾಡಿಕೊಂಡೆ. ಆ ಶಾಫ್ಟಿನ ಓ ರಿಂಗ್ ಹೋದರೂ ರಾತ್ರಿ ಗಾಳಿ ಒಳಗೆ ಸೇರಿ ಇದೇ ದೂರು ಬರುತ್ತದೆ. ವಿಇ ಪಂಪಿಗೆ ಅದು ಹಳೇ ಕಾಯಿಲೆ. ಹೆಚ್ಚೆಂದರೆ ಎಷ್ಟು ಡೀಸೆಲ್ ಹೋಗಬೇಕು ಅಂತ ಇಡುವ ಫುಲ್ ಲೋಡ್ ಸ್ಕ್ರೂನ ಸೀಲ್ ವೈರ್ ಹಾಗೇ ಇತ್ತು, ಡೀಸೆಲ್ ಯಾವಾಗ ಹೊಡೆಯಬೇಕು ಅನ್ನುವುದಕ್ಕೆ ಫ್ಲ್ಯಾಂಜಿನ ಮೇಲಿರುವ ಟೈಮಿಂಗ್ ಗುರುತೂ ಸರಿ ಕೂತಿತ್ತು. ಪಂಪಿಗೆ ಯಾರೂ ಕೈ ಹಾಕಿಲ್ಲ ಅಂತ ಸಮಾಧಾನವಾಯಿತು. ಕೀ ಆಫ್ ಮಾಡಿದಾಗ ಡೀಸೆಲ್ ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡ್‌ಗೆ ಕೀ ಆನ್ ಮಾಡಿದರೆ 12 ವೋಲ್ಟ್ ಬರುತ್ತಿತ್ತು, ಟಕ್ ಅನ್ನುವ ಸದ್ದೂ ಇತ್ತು.

ಕ್ಯಾನ್ ಪರೀಕ್ಷೆ

ಪಂಪಿನ ಇನ್‌ಲೆಟ್‌ಗೆ ಮೊದಲು ಒಂದು ಗೇಣು ಪಾರದರ್ಶಕ ಪೈಪ್ ಸೇರಿಸಿದೆ. ಒಳಗೆ ಏನು ಹೋಗುತ್ತಿದೆ ಅಂತ ಕಣ್ಣಿಗೆ ಕಾಣಬೇಕು. ಟ್ಯಾಂಕಿನಲ್ಲಿ ಕಾಲುಭಾಗ ಡೀಸೆಲ್ ಇದ್ದಂತೆಯೇ ಅಂಗಡಿ ಮುಂದಿನ ಏರಿನಲ್ಲಿ ಮೂತಿ ಮೇಲೆ ಮಾಡಿ ಗಾಡಿ ನಿಲ್ಲಿಸಿಕೊಂಡೆವು.

ಬೆಳಿಗ್ಗೆ ಪೈಪ್ ಖಾಲಿ. ಸೆಲ್ಫ್ ಹೊಡೆದರೆ ಇಂಜಿನ್ ಚುರುಕಾಗಿ ತಿರುಗುತ್ತಿತ್ತು, ಸೈಲೆನ್ಸರಿನಲ್ಲಿ ಹೊಗೆಯೇ ಇಲ್ಲ. ಸೆಲ್ಫ್ ಹೊಡೆಯುವಾಗ ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿದೆ ಅಂತ ಅರ್ಥ. ಆಗ ಕಂಪ್ರೆಷನ್, ಹೀಟರ್ ಪ್ಲಗ್, ಟೈಮಿಂಗ್ ಕಡೆ ನೋಡಬೇಕು. ಹೊಗೆ ಇಲ್ಲ ಅಂದರೆ ಡೀಸೆಲ್ಲೇ ಇಲ್ಲ. ಆಮೇಲೆ ಪೈಪಿನಲ್ಲಿ ಗುಳ್ಳೆ, ಗುಳ್ಳೆಯ ಹಿಂದೆ ಡೀಸೆಲ್, ಅದಾದ ಮೇಲೆ ಬಿಳಿ ಹೊಗೆ, ಕೊನೆಗೆ ಸ್ಟಾರ್ಟ್.

ಇಷ್ಟು ನೋಡಿದ ಮೇಲೂ ಗಾಳಿ ಎಲ್ಲಿಂದ ಬಂತು ಅನ್ನುವುದು ತೀರ್ಮಾನ ಆಗುವುದಿಲ್ಲ. ಟ್ಯಾಂಕ್ ಕಡೆಯಿಂದ ಇರಬಹುದು, ಆ ಬೆವರಿದ ಶಾಫ್ಟ್ ಕಡೆಯಿಂದಲೂ ಇರಬಹುದು. ಇದನ್ನು ಬೇರೆ ಮಾಡಲು ಕ್ಯಾನ್ ಬೇಕು. ಶುಭ್ರವಾದ ಕ್ಯಾನಿನಲ್ಲಿ ಸೋಸಿದ ಡೀಸೆಲ್ ತುಂಬಿ, ಗಾಡಿಯ ಪೈಪುಗಳನ್ನು ಬಿಡಿಸಿ, ಪಂಪಿನ ಇನ್‌ಲೆಟ್ ಮತ್ತು ಹೆಚ್ಚಾದ ಡೀಸೆಲ್ ವಾಪಸ್ ಹೋಗುವ ರಿಟರ್ನ್ ಎರಡನ್ನೂ ಕ್ಯಾನಿಗೆ ಇಳಿಬಿಡುವುದು. ಎರಡರ ತುದಿಯೂ ಡೀಸೆಲಿನೊಳಗೆ ಮುಳುಗಿರಬೇಕು.

ಸಾಮಾನ್ಯವಾಗಿ ಮೆಕ್ಯಾನಿಕ್‌ಗಳು ಕ್ಯಾನನ್ನು ಪಂಪಿಗಿಂತ ಮೇಲೆ ಕಟ್ಟುತ್ತಾರೆ. ಡೀಸೆಲ್ ತಾನಾಗಿ ಇಳಿಯುತ್ತದೆ, ಗಾಡಿ ಸ್ಟಾರ್ಟ್ ಆಗುತ್ತದೆ. ನಾನೂ ಮೊದಲು ಹಾಗೇ ಕಟ್ಟಿದೆ, ಸೆಲ್ಫ್ ಮುಟ್ಟಿದ ತಕ್ಷಣ ಹಿಡಿಯಿತು. ಪ್ಲಂಜರ್ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಇಷ್ಟು ಸಾಕು. ಆದರೆ ಸೀಲ್ ಗಾಳಿ ಎಳೆಯುತ್ತದೋ ಇಲ್ಲವೋ ಅನ್ನುವುದಕ್ಕೆ ಸಾಲದು. ಅದಕ್ಕೆ ಸಂಜೆ ಕ್ಯಾನನ್ನು ಕೆಳಗಿಳಿಸಿ ನೆಲದ ಮೇಲಿಟ್ಟು, ಸ್ವಲ್ಪ ಹೊತ್ತು ಇಂಜಿನ್ ಓಡಿಸಿ ಆಫ್ ಮಾಡಿ ಹಾಗೇ ಬಿಟ್ಟೆವು. ಈಗ ಪಂಪ್ ಕೆಳಗಿನಿಂದ ಎಳೆಯಬೇಕು, ರಾತ್ರಿಯಿಡೀ ಆ ಡೀಸೆಲನ್ನು ಹಿಡಿದೂ ಇಡಬೇಕು. ಪಂಪಿನ ಸೀಲ್ ಗಾಳಿ ಬಿಡುತ್ತಿದ್ದರೆ ಬೆಳಿಗ್ಗೆ ಡೀಸೆಲ್ ಕ್ಯಾನಿಗೆ ಇಳಿದಿರುತ್ತದೆ.

ಬೆಳಿಗ್ಗೆ ಪಾರದರ್ಶಕ ಪೈಪ್ ತುಂಬಿಕೊಂಡೇ ಇತ್ತು. ಒಂದೇ ಸೆಲ್ಫಿಗೆ ಸ್ಟಾರ್ಟ್. ಸ್ಟಾರ್ಟಿಂಗ್ ದೂರಿನ ಮಟ್ಟಿಗೆ ಪಂಪಿನ ತಪ್ಪಿಲ್ಲ ಅಂತ ಖಾತ್ರಿಯಾಯಿತು. ಓನರ್‌ಗೆ ಫೋನ್ ಮಾಡಿ ಹೇಳಿದರೆ ಅವರಿಗೆ ನಂಬಿಕೆಯೇ ಇಲ್ಲ. "ಹಂಗಾದ್ರೆ ಪಂಪ್ ಬಿಚ್ಚೋದು ಬೇಡ್ವಾ ಸಾರ್?" ಅಂತ ಎರಡೆರಡು ಸಲ ಕೇಳಿದರು.

ಕ್ಯಾನಿನ ಪೈಪನ್ನು ಫಿಲ್ಟರಿನ ಇನ್‌ಲೆಟ್‌ಗೆ ಸಾಗಿಸಿದೆ. ಈಗ ಫಿಲ್ಟರ್, ಅದರ ಮೇಲಿನ ಹ್ಯಾಂಡ್ ಪ್ರೈಮರ್ ಎರಡೂ ದಾರಿಯಲ್ಲಿ ಬಂದವು. ಗುಳ್ಳೆ ಇಲ್ಲ. ಉಳಿದಿದ್ದು ಟ್ಯಾಂಕಿನಿಂದ ಫಿಲ್ಟರ್ ತನಕ. ಚಾಸಿ ಕೆಳಗಿನ ರಬ್ಬರ್ ಪೈಪ್, ಕ್ಲಿಪ್ ಎಲ್ಲ ಗಟ್ಟಿ ಇದ್ದವು. ಟ್ಯಾಂಕಿನ ಮುಚ್ಚಳಕ್ಕೆ ಸಕ್ಷನ್, ರಿಟರ್ನ್ ಪೈಪುಗಳು ಸೇರಿಕೊಂಡಿರುವ ಟ್ಯಾಂಕ್ ಯೂನಿಟ್ ಬಿಚ್ಚಿ ಹೊರಗೆಳೆದೆವು. ರಿಟರ್ನ್ ಪೈಪ್ ತಳದ ತನಕ ಇಳಿದಿತ್ತು, ಚೆನ್ನಾಗಿಯೇ ಇತ್ತು. ಸಕ್ಷನ್ ಪೈಪ್ ಮಾತ್ರ ಮುಚ್ಚಳದಿಂದ ಸ್ವಲ್ಪ ಕೆಳಗೆ ತುಕ್ಕು ಹಿಡಿದಿತ್ತು. ಕೆಳತುದಿ ಬೆರಳಲ್ಲಿ ಮುಚ್ಚಿ, ಡೀಸೆಲ್ ತಟ್ಟೆಯಲ್ಲಿ ಮುಳುಗಿಸಿ, ಮೇಲಿನಿಂದ ಮೆಲ್ಲಗೆ ಊದಿದರೆ ತುಕ್ಕಿನ ಜಾಗದಿಂದ ಸಾಲಾಗಿ ಗುಳ್ಳೆ. ಸೂಜಿ ಮೊನೆಯಷ್ಟು ತೂತು.

ಟ್ಯಾಂಕ್ ಫುಲ್ ಇದ್ದಾಗ ಆ ತೂತು ಡೀಸೆಲಿನೊಳಗೆ ಮುಳುಗಿರುತ್ತದೆ, ಗಾಳಿಗೆ ದಾರಿ ಇಲ್ಲ. ಮಟ್ಟ ಇಳಿದರೆ ತೂತು ಬಯಲಿಗೆ ಬರುತ್ತದೆ. ಟೀ ಕುಡಿಯುವಾಗ ಓನರ್ ಹೇಳಿದ ಮಾತು ಇದೇ ಅಲ್ವಾ. ಟ್ಯಾಂಕ್ ಯೂನಿಟ್ ಹೊಸದು ಹಾಕಿದೆವು.

ಇನ್ನೊಂದು ದೂರು

ಕ್ಯಾನ್ ಕಟ್ಟಿದಾಗಲೇ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ರಿಟರ್ನ್ ಪೈಪಿನಿಂದ ಕ್ಯಾನಿಗೆ ಬೀಳುತ್ತಿದ್ದ ಡೀಸೆಲ್ ಬಹಳ ದಪ್ಪ ಧಾರೆ. ಐಡಲ್‌ನಲ್ಲಿ ಅಷ್ಟು ಬರುವಂತಿಲ್ಲ. ಆಗ ಸುಮ್ಮನಿದ್ದೆ. ಎರಡು ತೊಂದರೆಗೆ ಒಟ್ಟಿಗೆ ಕೈ ಹಾಕಿದರೆ ಯಾವುದರಿಂದ ಯಾವುದು ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

ಈಗ ಅದರ ಸರದಿ. ಮೊದಲು ಸುಲಭದ್ದು ನೋಡಿದೆ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಪಂಪಿನ ಲಿವರ್ ಕೊನೆಯ ಸ್ಕ್ರೂಗೆ ತಾಗುತ್ತದಾ? ತಾಗುತ್ತಿತ್ತು. ಇದನ್ನು ನೋಡದೇ ಪಂಪ್ ಬಿಚ್ಚಿದವರಿದ್ದಾರೆ. ಕಾಲಡಿಯ ಮ್ಯಾಟ್ ಪೆಡಲಿಗೆ ಅಡ್ಡ ಬಂದು ಗಾಡಿ ಎಳೆಯದ ಉದಾಹರಣೆಗಳೂ ಇವೆ. ಏರ್ ಫಿಲ್ಟರ್ ಶುಭ್ರ. ಇನ್‌ಲೆಟ್‌ಗೆ ವ್ಯಾಕ್ಯೂಮ್ ಗೇಜ್ ಹಾಕಿ ರೇಸ್ ಕೊಟ್ಟರೆ ಎಳೆತ ಕಮ್ಮಿಯೇ ಇತ್ತು, ಅಂದರೆ ಪೈಪ್ ಎಲ್ಲೂ ಕಟ್ಟಿಕೊಂಡಿಲ್ಲ. ನಾಲ್ಕೂ ಸಿಲಿಂಡರ್ ಒಂದೇ ಸಮ ಹೊಡೆಯುತ್ತಿದ್ದವು. ಒಂದೇ ಸಿಲಿಂಡರ್ ಮಿಸ್ ಆಗುತ್ತಿದ್ದರೆ ಅದಕ್ಕೆ ಡೀಸೆಲ್ ಸಿಂಪಡಿಸುವ ನಾಝಲ್, ಅದರ ಪೈಪ್, ಇಲ್ಲವೇ ಡೆಲಿವರಿ ವಾಲ್ವ್ ನೋಡಬೇಕಿತ್ತು. ಪ್ಲಂಜರ್ ಒಂದೇ ಇರುವುದರಿಂದ ಅದು ಸವೆದರೆ ನಾಲ್ಕಕ್ಕೂ ಸಮನಾಗಿ ಪೆಟ್ಟು ಬೀಳುತ್ತದೆ. ಇಂಜಿನ್ ಸದ್ದು ಮಾತ್ರ ಮಂಕು. ರೇಸ್ ಕೊಟ್ಟಾಗ ಬೂದು ಬಿಳಿ ಹೊಗೆ. ಟೈಮಿಂಗ್ ತಡವಾದಾಗ ಹೀಗಾಗುತ್ತದೆ. ಆದರೆ ಪಂಪಿನ ಗುರುತು ಸರಿ ಇದೆಯಲ್ಲ?

ವಿಇ ಪಂಪಿನಲ್ಲಿ ಟೈಮಿಂಗ್ ಎರಡು ಕಡೆ ಇದೆ. ಪಂಪ್ ಕೂರಿಸುವಾಗ ಇಡುವುದು ಒಂದು. ಇಂಜಿನ್ ಓಡುವಾಗ ಪಂಪ್ ತಾನೇ ಮಾಡಿಕೊಳ್ಳುವುದು ಇನ್ನೊಂದು. ವೇನ್ ಪಂಪ್ ಒಳಗೆ ಕಟ್ಟುವ ಒತ್ತಡ ಇಂಜಿನ್ ವೇಗದ ಜೊತೆ ಏರುತ್ತದೆ. ಆ ಒತ್ತಡ ಕೆಳಗಿರುವ ಟೈಮರ್ ಪಿಸ್ಟನ್ ತಳ್ಳಿ ರೋಲರ್ ರಿಂಗ್ ತಿರುಗಿಸುತ್ತದೆ, ಇಂಜೆಕ್ಷನ್ ಬೇಗ ಶುರುವಾಗುತ್ತದೆ. ಒಳಗಿನ ಒತ್ತಡ ಕಟ್ಟದಿದ್ದರೆ ಈ ಅಡ್ವಾನ್ಸ್ ಬರುವುದಿಲ್ಲ. ಜೋರು ಓಡುವಾಗ ಪ್ಲಂಜರಿಗೆ ಡೀಸೆಲ್ ಪೂರ್ತಿ ತುಂಬುವುದೂ ಇಲ್ಲ.

ಈ ಒತ್ತಡ ನಿಲ್ಲುವುದರಲ್ಲಿ ರಿಟರ್ನ್ ಪೈಪನ್ನು ಪಂಪಿಗೆ ಸೇರಿಸುವ, ಒಳಗೆ ಟೊಳ್ಳಾದ ಬ್ಯಾಂಜೋ ಬೋಲ್ಟಿಗೆ ದೊಡ್ಡ ಪಾತ್ರ. ನೋಡಲು ಮಾಮೂಲಿ ಬೋಲ್ಟು. ಒಳಗಿನ ತೂತು ಮಾತ್ರ ಅರ್ಧ ಮಿಲಿಮೀಟರ್ ಆಸುಪಾಸು. ಅಷ್ಟು ಸಣ್ಣ ತೂತಿನಿಂದ ಡೀಸೆಲ್ ಹಿಂಡಿಕೊಂಡು ಹೊರಗೆ ಹೋಗಬೇಕಾದ್ದರಿಂದ ಒಳಗೆ ಒತ್ತಡ ನಿಲ್ಲುತ್ತದೆ. ತಲೆಯ ಮೇಲೆ ಇಂಗ್ಲಿಷಿನಲ್ಲಿ ಔಟ್ ಅಂತ ಕೆತ್ತಿರುತ್ತದೆ. ಇನ್‌ಲೆಟ್ ಬೋಲ್ಟಿನ ಥ್ರೆಡ್ಡೂ ಅದೇ ಅಳತೆ, ಆದರೆ ತೂತು ದೊಡ್ಡದು. ಎರಡನ್ನೂ ಅದಲುಬದಲು ಮಾಡಿದರೆ ಡೀಸೆಲ್ ಒಳಗೇ ಹೋಗದೆ ಇಂಜಿನ್ ಕೂಡಲೇ ಗೊಣಗುತ್ತದೆ, ತಪ್ಪು ಗೊತ್ತಾಗುತ್ತದೆ. ರಿಟರ್ನ್‌ಗೆ ಮಾತ್ರ ಸಾದಾ ಬೋಲ್ಟ್ ಬಿದ್ದರೆ ಇಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ. ಗಾಡಿ ಸ್ಟಾರ್ಟ್ ಆಗುತ್ತದೆ, ಐಡಲ್ ನಿಲ್ಲುತ್ತದೆ, ಖಾಲಿ ಗಾಡಿ ಊರೊಳಗೆ ಓಡಾಡುತ್ತದೆ. ಲೋಡ್ ಹಾಕಿ ಘಾಟಿಯ ಬುಡದ ಗುಂಡ್ಯ ದಾಟಿ ಏರು ಹಿಡಿದಾಗ ಬಣ್ಣ ಬಯಲು.

ಬೋಲ್ಟ್ ಒರೆಸಿ ನೋಡಿದೆ. ತಲೆಯ ಮೇಲೆ ಏನೂ ಕೆತ್ತಿರಲಿಲ್ಲ. ಬಿಚ್ಚಿ ಬೆಳಕಿಗೆ ಹಿಡಿದರೆ ಈ ಕಡೆಯಿಂದ ಆ ಕಡೆ ಕಾಣುತ್ತಿತ್ತು. ವಾಷರ್ ಬದಲಿಸುವಾಗ ಹಳೇ ಬೋಲ್ಟ್ ಎಲ್ಲೋ ಬಿದ್ದುಹೋಗಿ, ಥ್ರೆಡ್ ಹೊಂದುವ ಇನ್ನೊಂದನ್ನು ಹಾಕಿರಬಹುದು.

ಅಂಗಡಿಯಲ್ಲಿದ್ದ ಗುಜರಿ ಪಂಪಿನಿಂದ ಸರಿಯಾದ ಬೋಲ್ಟ್ ತೆಗೆದು ತೊಳೆದೆ. ಅದರ ಕೆಳಗೆ ಅಡಾಪ್ಟರ್ ಕೂರಿಸಿ ಗೇಜ್ ಹಾಕಿ ಎರಡನ್ನೂ ಹೋಲಿಸಿದೆವು. ಸಾದಾ ಬೋಲ್ಟಿನಲ್ಲಿ ಎಷ್ಟೇ ರೇಸ್ ಕೊಟ್ಟರೂ ಮುಳ್ಳು ಮೇಲೇಳುವುದೇ ಇಲ್ಲ. ಸರಿಯಾದ ಬೋಲ್ಟ್ ಹಾಕಿದರೆ ಐಡಲ್‌ನಲ್ಲಿ 3 ಬಾರ್ ಹತ್ತಿರ, ರೇಸ್ ಕೊಟ್ಟಂತೆ 6 ಬಾರ್ ದಾಟಿ ಏರಿತು. ಪಂಪಿನಿಂದ ಪಂಪಿಗೆ ಈ ಅಂಕಿ ಬದಲಾಗುತ್ತದೆ, ಟೆಸ್ಟ್ ಶೀಟ್ ನೋಡಿಯೇ ತೀರ್ಮಾನ ಮಾಡಬೇಕು. ಆದರೆ ವೇಗದ ಜೊತೆ ಒತ್ತಡ ಏರಲೇಬೇಕು. ಹೊಗೆ ತಿಳಿಯಾಯಿತು, ಸದ್ದಿನಲ್ಲಿ ಆ ಗಡುಸು ವಾಪಸ್ ಬಂತು. ಮುಂದಿನ ಟ್ರಿಪ್‌ನಲ್ಲಿ ಮೀನಿನ ಲೋಡ್ ಜೊತೆ ಘಾಟಿ ಹತ್ತಿದ ಓನರ್ ಮಾರನಹಳ್ಳಿಯಿಂದಲೇ ಫೋನ್ ಮಾಡಿದರು. ಎರಡನೇ ಗೇರಿನಲ್ಲಿ ತೆವಳುತ್ತಿದ್ದ ಜಾಗಗಳಲ್ಲಿ ಈಗ ಮೂರನೇ ಗೇರ್ ಎಳೆಯುತ್ತಿದೆ ಅಂದರು.

ಬೇರೆ ಕಡೆಯ ಅನುಭವ, ಒಂದು ಎಚ್ಚರಿಕೆ

ಪಂಪಿನ ಸುತ್ತ ಇರುವುದು ಕೆಟ್ಟು ಪಂಪಿಗೆ ಕೆಟ್ಟ ಹೆಸರು ಬರುವುದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ಡಾಜ್ ರಾಮ್ ಪಿಕಪ್‌ಗಳಿಗೆ 1998ರಿಂದ 2002ರ ತನಕ ಬಂದ ಕಮಿನ್ಸ್ ಇಂಜಿನ್ನಿನಲ್ಲಿ ವಿಪಿ44 ಪಂಪ್ ಇತ್ತು. ಅದಕ್ಕೆ ಡೀಸೆಲ್ ಎತ್ತಿ ಕೊಡುವ ಲಿಫ್ಟ್ ಪಂಪ್ ಸೋತರೆ, ತಂಪು ಮತ್ತು ಜಿಡ್ಡು ಸಾಲದೆ ದುಬಾರಿ ಪಂಪ್ ಸಾಯುತ್ತಿತ್ತು. ಲಿಫ್ಟ್ ಪಂಪ್ ಹಾಗೇ ಬಿಟ್ಟು ದೊಡ್ಡ ಪಂಪ್ ಮಾತ್ರ ಬದಲಿಸಿದವರು ಎರಡನೇ ಸಲವೂ ದುಡ್ಡು ಕಳೆದುಕೊಂಡರು. ಜನರಲ್ ಮೋಟರ್ಸ್‌ನ 6.5 ಲೀಟರ್ ಡೀಸೆಲ್ ಇಂಜಿನ್ನಿನಲ್ಲಿ ಪಂಪಿಗೆ ಅಂಟಿಕೊಂಡ ಎಲೆಕ್ಟ್ರಾನಿಕ್ ಡ್ರೈವರ್ ಪೆಟ್ಟಿಗೆ ಬಿಸಿಗೆ ಕೈಕೊಡುತ್ತಿತ್ತು. ಅದನ್ನು ಬಿಚ್ಚಿ ತಂಪು ಜಾಗಕ್ಕೆ ಸಾಗಿಸುವ ಕಿಟ್ಟುಗಳೇ ಮಾರಾಟಕ್ಕೆ ಬಂದವು.

ಇಲ್ಲಿ ಹೇಳಿದ್ದೆಲ್ಲ ಹಳೇ ಮೆಕ್ಯಾನಿಕಲ್ ಪಂಪಿನ ಮಾತು. ಈಗಿನ ಪಿಕಪ್‌ಗಳಲ್ಲಿ ಕಾಮನ್ ರೇಲ್, ಅಂದರೆ ಎಲ್ಲ ಸಿಲಿಂಡರಿಗೂ ಒಂದೇ ಪೈಪಿನಲ್ಲಿ ಒತ್ತಡ ಕಟ್ಟಿಡುವ ವ್ಯವಸ್ಥೆ ಇದೆ, ಪೈಪಿನಲ್ಲಿ 1000 ಬಾರ್ ಮೀರಿದ ಒತ್ತಡ ಇರುತ್ತದೆ. ಇಂಜಿನ್ ಓಡುವಾಗ ನಾಝಲ್ ಪೈಪ್ ನಟ್ ಸಡಿಲಿಸಿ ನೋಡುವ ಹಳೇ ಅಭ್ಯಾಸ ಅಲ್ಲಿ ಬೇಡವೇ ಬೇಡ. ಆ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಚ್ಚು ಗಾಯ ಕಂಡರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಓಡಬೇಕಾದ ವಿಷಯ ಅದು. ಹಳೇ ಪಂಪಿನಲ್ಲೂ ನಾಝಲ್ 200 ಬಾರ್ ಆಸುಪಾಸಿನಲ್ಲಿ ತೆರೆಯುತ್ತದೆ, ಧಾರೆ ಎದುರು ಕೈ ಇಡಬಾರದು.

ಬಿಲ್ಲಿನಲ್ಲಿ ಬಂದದ್ದು ಟ್ಯಾಂಕ್ ಯೂನಿಟ್, ಹೊಸ ಕಾಪರ್ ವಾಷರ್, ಬೋಲ್ಟ್ ಮತ್ತು ಕೂಲಿ. ಪಂಪ್ ಗಾಡಿಯಿಂದ ಇಳಿಯಲೇ ಇಲ್ಲ. ಆ ಲಿವರ್ ಶಾಫ್ಟಿನ ಬೆವರು ಮಾತ್ರ ಇನ್ನೂ ಇದೆ. ಪಂಪಿನ ಒಳಗೆ ಈಗ ಸರಿಯಾದ ಒತ್ತಡ ಇರುವುದರಿಂದ ಅದು ಜಾಸ್ತಿಯಾಗುವ ಸಾಧ್ಯತೆಯೂ ಇದೆ. ಹನಿ ಕಟ್ಟಲು ಶುರುವಾದರೆ ಓ ರಿಂಗ್ ಬದಲಿಸೋಣ, ಅದಕ್ಕೆ ಮೇಲಿನ ಮುಚ್ಚಳ ತೆಗೆದರೆ ಸಾಕು, ಪಂಪ್ ಪೂರ್ತಿ ಬಿಚ್ಚುವುದೇನೂ ಬೇಡ ಅಂತ ಓನರ್‌ಗೆ ಹೇಳಿದ್ದೇನೆ.